ಆರನೆಯ ಎಲೆ

ಪ್ರಮೀಳಾ ಬರೆದದ್ದನ್ನು ಎಲ್ಲರಿಗಿಂತ ಮೊದಲು ಓದುವ ಹಕ್ಕು ನನ್ನದು. ಹಕ್ಕು ಅಂದರೆ ದೊಡ್ಡ ಮಾತಾಯಿತು, ಅದೊಂದು ಬಿಟ್ಟಿ ಚಾಕರಿ. ಅವಳು ಮಾಲ್ಡೀವ್ಸ್‌ನ ಒಂದು ಸಣ್ಣ ದ್ವೀಪದಲ್ಲಿ ಗಣಿತದ ಟೀಚರು. ಅಲ್ಲಿ ಶುಕ್ರವಾರ, ಶನಿವಾರ ರಜೆ. ಶುಕ್ರವಾರ ಬೆಳಿಗ್ಗೆ ಕೂತು ತನ್ನ ಬ್ಲಾಗಿಗೆ ಕನ್ನಡದಲ್ಲಿ ಏನಾದರೊಂದು ಬರೆದು ನನ್ನ ವಾಟ್ಸಾಪಿಗೆ ಎಸೆಯುತ್ತಾಳೆ. ಸೊರಬದಲ್ಲಿ ಕೂತ ನಾನು ಅದರ ಒತ್ತು ದೀರ್ಘ ಸರಿಮಾಡಿ ವಾಪಸು ಕಳಿಸಬೇಕು. ಕನ್ನಡದ ಟೀಚರಾಗಿ ಹುಟ್ಟಿದ ಕರ್ಮ, ಯಾರನ್ನು ಬೈಯಲಿ?

ಶಿಕಾರಿಪುರದ ಒಂದು ಖಾಸಗಿ ಹೈಸ್ಕೂಲಿನಲ್ಲಿ ನಾವಿಬ್ಬರೂ ಏಳು ವರ್ಷ ಒಟ್ಟಿಗೆ ಬುತ್ತಿ ಬಿಚ್ಚಿದವರು. ನನಗೆ ಸಿಟ್ಟು ಮೂಗಿನ ತುದಿಯಲ್ಲಿ, ಅವಳಿಗೆ ನಗು. ಅವಳದು ಉಡುತಡಿಯಲ್ಲಿ ಕುರಿ ಸಾಕುವ ಮನೆ. ಬೇಸಿಗೆ ಬಂತೆಂದರೆ ಅಪ್ಪ, ಅವ್ವ, ತಮ್ಮ ಮಾಳೇಶ ಎಲ್ಲರೂ ಮಂದೆ ಹೊಡೆದುಕೊಂಡು ಅಂಜನಾಪುರದ ಕಡೆ ಹೋಗುತ್ತಿದ್ದರು. ಅಲ್ಲಿ ಕೊಯ್ಲಾದ ಗದ್ದೆಗಳಲ್ಲಿ ಗೊಬ್ಬರಕ್ಕೆಂದು ಕುರಿ ನಿಲ್ಲಿಸುತ್ತಿದ್ದರು. ಸಂಜೆ ಕುರಿಗಳು ಹಟ್ಟಿಯೊಳಕ್ಕೆ ನುಗ್ಗುವಾಗ ಜೋಡಿ ಜೋಡಿಯಾಗಿ ಎಣಿಸುವ ಕೆಲಸ ಪ್ರಮೀಳಾಳದು. "ಗಣಿತ ಕಲಿತಿದ್ದೇ ಅಲ್ಲಿ ಕಣ್ರೀ ಮಿಸ್" ಅನ್ನುತ್ತಿದ್ದಳು. ಅವಳ ಅವ್ವ ಮಾಳಮ್ಮನಿಗೆ ಅಷ್ಟೂ ಬೇಕಿರಲಿಲ್ಲ. ಒಮ್ಮೆ ಕಣ್ಣು ಹಾಯಿಸಿದರೆ ಒಂದು ಕುರಿ ಹೆಚ್ಚೋ ಕಡಿಮೆಯೋ ಹೇಳಿಬಿಡುತ್ತಿದ್ದಳು. ಈ ಮಾತು ನೆನಪಿಡಿ, ಮುಂದೆ ಬೇಕಾಗುತ್ತದೆ.

ಅಪ್ಪ ತೀರಿಕೊಂಡ ಮೇಲೂ ಹಟ ಹಿಡಿದು ಬಿ.ಎಡ್. ಮುಗಿಸಿದಳು. ಮದುವೆಯ ಮಾತು ಎತ್ತಿದವರಿಗೆಲ್ಲ ನಕ್ಕು ಚಹಾ ಕೊಟ್ಟು ಕಳಿಸಿದಳು. ಮೂವತ್ತನಾಲ್ಕನೆಯ ವಯಸ್ಸಿನಲ್ಲಿ ಯಾವುದೋ ಜಾಹೀರಾತು ನೋಡಿ ಅರ್ಜಿ ಹಾಕಿ, ಸಮುದ್ರವನ್ನೇ ಕಾಣದವಳು ಸಮುದ್ರದ ನಡುವೆ ಹೋಗಿ ಕೂತಳು.

ಮೊದಲ ಮೂರು ವರ್ಷದ ಬರಹಗಳು ಈಗ ಓದಿದರೂ ನಗು ಬರುತ್ತದೆ. ಇಪ್ಪತ್ತೈದು ನಿಮಿಷ ನಡೆದರೆ ಊರೇ ಮುಗಿದು ಹೊರಟಲ್ಲಿಗೇ ಬರುತ್ತೇವೆ ಎಂದು ಒಮ್ಮೆ ಬರೆದಿದ್ದಳು. ಇಲ್ಲಿಯವರೂ ದೋಣಿಗೆ ದೋಣಿ ಎಂದೇ ಅನ್ನುತ್ತಾರೆ, ಕೇಳಿ ಕಣ್ಣಲ್ಲಿ ನೀರು ಬಂತು ಎಂದು ಇನ್ನೊಮ್ಮೆ. ಬೆಳಿಗ್ಗೆ ಮೀನು, ಮಧ್ಯಾಹ್ನ ಮೀನು, ರಾತ್ರಿ ಬದಲಾವಣೆ ಇರಲಿ ಎಂದು ಒಣಮೀನು. ಕುರಿಯ ವಾಸನೆ ಇಲ್ಲದೆ ನಿದ್ದೆ ಬಾರದ್ದಕ್ಕೆ ಅಪ್ಪನ ಹಳೇ ಕಂಬಳಿಯ ಒಂದು ತುಂಡನ್ನು ದಿಂಬಿನ ಕೆಳಗೆ ಇಟ್ಟುಕೊಂಡಿದ್ದಾಳಂತೆ. ಬ್ಲಾಗಿಗೆ ನಮ್ಮ ಕಡೆಯ ನಾಲ್ಕು ನೂರು ಓದುಗರಿದ್ದರು.

ಗಾಂಧಿ ಜಯಂತಿಯ ದಿನವೇ ಮಹಾಲಯ ಅಮಾವಾಸ್ಯೆ ಬಂದ ವರ್ಷ ಇದೆಲ್ಲ ಕೆಟ್ಟಿತು.

ಅಂದು ನಮಗೆ ರಜೆ, ಅವಳಿಗೆ ಶಾಲೆ. ಮಧ್ಯಾಹ್ನ ಹನ್ನೆರಡೂವರೆಗೆ ಬೋರ್ಡಿನ ಮೇಲೆ ಲೆಕ್ಕ ಬರೆಯುತ್ತಿದ್ದಾಗ ಎಲ್ಲಿಂದಲೋ ಲೋಬಾನದ ಹೊಗೆಯ ವಾಸನೆ ಬಂತಂತೆ. ಬಾಯಲ್ಲಿ ಕಡುಬಿನ ರುಚಿ, ಹೊಟ್ಟೆ ಭಾರ. ಬುತ್ತಿ ಮುಟ್ಟಲಾಗಲಿಲ್ಲ. ಸಂಜೆ ಹೊರಡುವಾಗ ಹಾಜರಿಯ ಮಿಷನ್ನಿಗೆ ಹೆಬ್ಬೆಟ್ಟು ಒತ್ತಿದರೆ ಅದು ತೆಗೆದುಕೊಳ್ಳಲಿಲ್ಲ. ಮರುದಿನವೂ ಇಲ್ಲ. ಮೂರು ಸಲ ಹೊಸದಾಗಿ ದಾಖಲು ಮಾಡಿದರೂ ಅವಳ ಬೆರಳು ಅದಕ್ಕೆ ಗುರುತು ಹತ್ತಲಿಲ್ಲ.

"ಚಾಕ್‌ಪೀಸು ಹಿಡಿದು ಹಿಡಿದು ಬೆರಳು ಸವೆದಿರುತ್ತೆ, ನನಗೂ ರೇಷನ್ ಅಂಗಡಿಯಲ್ಲಿ ಹಾಗೇ ಆಗುತ್ತೆ" ಎಂದು ನಾನು ಗದರಿದೆ.

"ಅದು ಬಿಡ್ರೀ ಮಿಸ್. ಹಸಿವೇ ಆಗ್ತಿಲ್ಲ. ಊಟ ಮಾಡಿ ಎದ್ದ ಹಂಗೇ ಇರ್ತೈತೆ ಹೊಟ್ಟೆ, ಮೂರು ಹೊತ್ತೂ."

"ಮೀನು ತಿಂದು ಸಾಕಾಗಿದೆ ನಿನಗೆ. ಅನ್ನ ಸಾರು ಮಾಡ್ಕೊ."

ಮಾಡಿಕೊಂಡಳು. ಬಾಯಿಗಿಟ್ಟರೆ ಮಣ್ಣು ತಿಂದಂತೆ. ಡಿಸೆಂಬರಿಗೆ ಒಂಬತ್ತು ಕಿಲೋ ಇಳಿದಿದ್ದಳು. ಅಲ್ಲಿಯ ಡಾಕ್ಟರು ರಕ್ತ, ಥೈರಾಯ್ಡು ಎಲ್ಲ ನೋಡಿ ಏನೂ ತೊಂದರೆಯಿಲ್ಲ ಅಂದರು. ಒಂದು ದಿನ ಕ್ಲಾಸಿಗೆ ಹೋಗಿ ಬೋರ್ಡಿನ ಮುಂದೆ ನಿಂತರೆ ಮಕ್ಕಳು ಮಾತು ನಿಲ್ಲಿಸಲೇ ಇಲ್ಲವಂತೆ. ಮುಂದಿನ ಬೆಂಚಿನ ಹುಡುಗಿ ಇವಳ ಮುಖವನ್ನೇ ನೋಡುತ್ತಾ ಪಕ್ಕದವಳನ್ನು ಕೇಳಿದಳಂತೆ, "ಮಿಸ್ ಇವತ್ತು ಬಂದಿಲ್ವಾ?"

ಇದನ್ನು ಅವಳು ಫೋನಿನಲ್ಲಿ ಹೇಳಿದಾಗ ನಾನು ನಕ್ಕೆ. ಆ ನಗು ನೆನೆದರೆ ಈಗ ನಾಚಿಕೆಯಾಗುತ್ತದೆ.

ಆಮೇಲೆ ಬರಹ ಬದಲಾಯಿತು. ಕಡಲು, ಮೀನು, ಮಕ್ಕಳು ಎಲ್ಲ ಮಾಯ. ಸಂಕ್ರಾಂತಿಯ ಹಿಂದಿನ ಶುಕ್ರವಾರ ಬಂದದ್ದು ಇಷ್ಟೇ:

'ಇಲ್ಲಿಂದ ನೋಡಿದರೆ ಫ್ಯಾನಿನ ರೆಕ್ಕೆಗಳ ಬೆನ್ನಿನ ಮೇಲಿನ ಧೂಳು ಕಾಣುತ್ತದೆ. ತಿರುಗಿದಾಗ ಗಾಳಿ ನೇರ ಮುಖಕ್ಕೆ ಹೊಡೆಯುತ್ತದೆ. ಬೀರುವಿನ ತಲೆಯ ಮೇಲೆ ಅಪ್ಪನ ಕಂಬಳಿ ಮಡಿಸಿಟ್ಟಿದ್ದಾರೆ. ಅದರ ಹಿಂದೆ ಬಿದ್ದಿದೆ ಅವ್ವನ ಕನ್ನಡಕ. ಅವ್ವ ಕೆಳಗೆ ಚಾಪೆ ಕೊಡವಿ ಹುಡುಕುತ್ತಿದ್ದಾಳೆ. ಎಷ್ಟು ಕೂಗಿದರೂ ಮೇಲೆ ನೋಡುವುದಿಲ್ಲ.'

ನಾನು ಕೂಡಲೇ ಫೋನು ಮಾಡಿದೆ. "ಇದೇನು, ಕತೆ ಬರೆಯೋಕೆ ಶುರು ಮಾಡಿದ್ಯಾ?"

"ಕಣ್ಣು ಮುಚ್ಚಿದ್ರೆ ಕಾಣ್ತೈತ್ರೀ. ಯಾವ ಮನೆ ಅಂತ ಗೊತ್ತಿಲ್ಲ. ಅವ್ವ ಮಾತ್ರ ನಮ್ಮವ್ವನೇ."

ಮಾಳೇಶ ಉಡುತಡಿಯಲ್ಲಿ ಹೊಸ ಮನೆ ಕಟ್ಟಿಸಿದ್ದ. ಗೃಹಪ್ರವೇಶ, ಅದರ ಹಿಂದೆಯೇ ಅವನ ಮದುವೆ, ಎರಡೂ ಆದದ್ದು ಅವಳ ಶಾಲೆಯಲ್ಲಿ ಪರೀಕ್ಷೆ ನಡೆಯುತ್ತಿದ್ದ ತಿಂಗಳಲ್ಲಿ. ರಜೆ ಸಿಗದೆ ಅವಳು ಬಂದಿರಲಿಲ್ಲ. ಆ ಮನೆಯೊಳಗೆ ಅವಳು ಕಾಲೇ ಇಟ್ಟವಳಲ್ಲ. ವಿಡಿಯೋ ಕಾಲಿನಲ್ಲಿ ಕಂಡಿರುತ್ತಾಳೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಆದರೂ ಸಂಕ್ರಾಂತಿಯ ಮರುದಿನ ಎಳ್ಳುಬೆಲ್ಲ ಕೊಡುವ ನೆವ ಮಾಡಿಕೊಂಡು ಸೊರಬದಿಂದ ಬಸ್ಸು ಹತ್ತಿದೆ.

ಬಾಗಿಲು ತೆಗೆದದ್ದು ಮಾಳೇಶನ ಹೆಂಡತಿ ನಯನ. ಜಡೆ ಎಂಬ ಊರಿನ ಹುಡುಗಿ, ನಮ್ಮ ಸೊರಬದ ಕಡೆಯ ಮಾತು. "ಬನ್ನಿ ಮೇಡಂ, ಕೂತ್ಕಳಿ. ಅತ್ತೆಗೆ ಕಣ್ಣು ಸರಿಯಾಗಿ ಕಾಣಾದಿಲ್ಲ, ಕನ್ನಡಕ ಕಳ್ಕಂಡು ಹದಿನೈದು ದಿನ ಆತು ಮಾರಾಯ್ರೆ" ಅಂದಳು.

ನನ್ನ ಕೈಯ ಎಳ್ಳುಬೆಲ್ಲದ ಪೊಟ್ಟಣ ಜಾರಿತು. ಕೇಳದೆಯೇ ಸ್ಟೂಲು ಎಳೆದುಕೊಂಡು ಹತ್ತಿದೆ. ಬೀರುವಿನ ಮೇಲೆ ಮಡಿಸಿದ ಕಂಬಳಿ ಇತ್ತು. ಅದರ ಹಿಂದೆ ಕೈ ಹಾಕಿದರೆ ಕನ್ನಡಕ ಸಿಕ್ಕಿತು. ಎದುರಿಗೆ ಫ್ಯಾನಿನ ರೆಕ್ಕೆಯ ಬೆನ್ನು, ಧೂಳು. ಸ್ಟೂಲಿನ ಮೇಲೆ ನಿಂತವಳು ಹಿಂದಕ್ಕೆ ತಿರುಗಿದರೆ ನನ್ನ ಮುಖಕ್ಕೆ ಮುಖ ಕೊಟ್ಟು ಗೋಡೆಯ ಮೇಲೆ ಆರು ಫೋಟೋಗಳಿದ್ದವು.

ಒಂದೇ ಅಳತೆ, ಒಂದೇ ಬಂಗಾರದ ಬಣ್ಣದ ಕಟ್ಟು, ಪ್ರತಿಯೊಂದಕ್ಕೂ ಗಂಧದ ಹಾರ, ಕುಂಕುಮ. ಮೊದಲ ಐವರು ಈ ಮನೆಯ ತೀರಿಹೋದ ಹಿರಿಯರು. ಅವರಲ್ಲಿ ಕೊನೆಯವನು ಪ್ರಮೀಳಾಳ ಅಪ್ಪ. ಅವನ ಪಕ್ಕದ ಆರನೆಯ ಫೋಟೋದಲ್ಲಿ ರೇಷ್ಮೆ ಸೀರೆಯ, ಬೆಳ್ಳಗೆ ಹೊಳೆಯುವ ಕೆನ್ನೆಯ ಹೆಂಗಸು. ತಲೆಯ ಹಿಂದೆ ದೇವರ ಪಟಕ್ಕಿರುವಂಥ ಬೆಳಕಿನ ಚಕ್ರ. ಅರ್ಧ ನಿಮಿಷ ಬೇಕಾಯಿತು ನನಗೆ. ಎಡಗಣ್ಣಿನ ಕೆಳಗಿನ ಮಚ್ಚೆ ನೋಡಿ ಗುರುತು ಸಿಕ್ಕಿತು.

"ಇದು ಪ್ರಮೀಳಾ ಅಲ್ವೇನೇ?"

 ನಯನ ತಡವರಿಸಿ ಹೇಳಿದ್ದು ಹೀಗೆ. ಗೃಹಪ್ರವೇಶಕ್ಕೆಂದು ಮಾಳೇಶ ಹಿರಿಯರ ಹಳೇ ಫೋಟೋಗಳನ್ನೆಲ್ಲ ಒಂದು ಕವರಿಗೆ ಹಾಕಿ ಸ್ಟುಡಿಯೋಗೆ ಕೊಟ್ಟಿದ್ದ. ದೂರದಲ್ಲಿರುವ ಮಗಳದ್ದೂ ಒಂದಿರಲಿ ಎಂದು ಮಾಳಮ್ಮ ಅವಳ ಬಿ.ಎಡ್. ಕಾಲದ ಪಾಸ್‌ಪೋರ್ಟ್ ಫೋಟೋ ಸೇರಿಸಿದ್ದಳು. ಸ್ಟುಡಿಯೋದವನು ಎಲ್ಲರೂ ತೀರಿಕೊಂಡವರೇ ಎಂದುಕೊಂಡು ಎಲ್ಲರಿಗೂ ಜರಿಯಂಚು, ಬೆಳಕಿನ ಚಕ್ರ ಹಚ್ಚಿ ದೊಡ್ಡದು ಮಾಡಿದ. ಚೆನ್ನಾಗಿ ಕಾಣುತ್ತಾಳೆ ಎಂದು ಮಾಳೇಶ ಸಾಲಾಗಿ ಹಾಕಿದ, ಹಾರವೂ ಒಂದೇ ಡಜನ್ನಿನದು. ಗಂಡನ ಅಕ್ಕನನ್ನು ನಯನ ನೋಡಿದ್ದು ಫೋನಿನಲ್ಲಿ ಮಾತ್ರ. ಈ ಬೆಳ್ಳಗಿನ ಹೆಂಗಸು ಯಾವುದೋ ಸತ್ತ ಅಜ್ಜಿಯ ಹರೆಯದ ಫೋಟೋ ಅಂದುಕೊಂಡಿದ್ದಳು. ಯಾರದೆಂದು ಗಂಡನಿಂದ ತಿಳಿದದ್ದು ಮಹಾಲಯ ಅಮಾವಾಸ್ಯೆ ಕಳೆದ ಮೇಲೆ.

"ಅಷ್ಟೇ ಆದ್ರೆ ಏನಾಗ್ತಿತ್ತು ಬಿಡಿ. ಪಕ್ಷದ ದಿನ ನಾನು..." ಎಂದು ನಯನ ಅಳತೊಡಗಿದಳು.

ಉಡುತಡಿಯ ಈ ಮನೆಯಲ್ಲಿ ಮಹಾಲಯ ಅಮಾವಾಸ್ಯೆಗೆ ಹಿರಿಯರಿಗೆಲ್ಲ ಸೇರಿಸಿ ಒಂದೇ ಎಡೆ ಇಡುವುದು ರೂಢಿ. ಒಂದು ದೊಡ್ಡ ಬಾಳೆಲೆ, ಅದರ ತುಂಬ ಅಡುಗೆ. ಲೋಬಾನ ಹಾಕಿ ಬಾಗಿಲು ಮುಂದೆ ಮಾಡಿ ಎಲ್ಲರೂ ಹೊರಗೆ ಕೂರುತ್ತಾರೆ. ಹಿರಿಯರು ಬಂದು ಉಂಡು ಹೋದ ಮೇಲೆ ಬಾಗಿಲು ತೆಗೆಯುತ್ತಾರೆ. ಜಡೆಯಲ್ಲಿ ನಯನಳ ತವರಿನಲ್ಲಿ ಹಾಗಲ್ಲ, ಒಬ್ಬೊಬ್ಬರಿಗೆ ಒಂದೊಂದು ಎಲೆ, ಅವರವರ ಫೋಟೋದ ಮುಂದೆ. ಮೊದಲ ವರ್ಷದ ಸೊಸೆ, ಎಡೆ ಬಡಿಸುವ ಕೆಲಸ ಅವಳ ಪಾಲಿಗೆ ಬಂತು. ತವರಿನ ಹಾಗೆ ಫೋಟೋಕ್ಕೊಂದು ಎಲೆ ಹಾಕಿ ಆರು ಎಡೆ ಬಡಿಸಿ ಬಾಗಿಲು ಮುಚ್ಚಿದಳು.

ಮಾಳಮ್ಮ ಅಷ್ಟೂ ಹೊತ್ತು ಮೂಲೆಯಲ್ಲಿ ಕನ್ನಡಕ ಕೈಯಲ್ಲಿ ಹಿಡಿದು ಕೂತಿದ್ದಳು. "ನಿಮಗೆ ಗೊತ್ತಿತ್ತಾ?" ಎಂದೆ.

"ಬಾಗ್ಲು ತೆಗದಾಗ ಕಂಡೆ ಮೇಡಮ್ಮೋರೇ. ಎಣಿಸಬೇಕಾ ನಾನು? ಸತ್ತೋರಿಗಿಂತ ಒಂದು ಎಲೆ ಹೆಚ್ಗೆ ಐತೆ ಅಂತ ಕಂಡೇಬಿಡ್ತು. ಆ ಎಲೆ ಮ್ಯಾಲಿನ ಕಡುಬು ಒಂದೀಟು ಮುರಿದಿತ್ತು." ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ಬಾಯಿ ಬಿಟ್ಟು ಹೇಳಿದ್ರೆ ಖರೇ ಆಗಿಬಿಡ್ತೈತೆ ಅಂತ ಹೆದರಿ ಸುಮ್ಕಿದ್ದೆ."

ನನಗೆ ತಲೆ ಕೆಟ್ಟಿತು. ಹೆದರಿಕೆಯಾದಾಗ ನಾನು ಮಾಡುವುದು ಜಗಳ. ವಿದ್ಯಾವಂತ ಮಗಳನ್ನು ಗೋಡೆಗೆ ನೇತುಹಾಕಿ ಕೂತಿದ್ದೀರಲ್ಲ ಎಂದು ಮನೆ ಹಾರಿಹೋಗುವ ಹಾಗೆ ಕೂಗಾಡಿ, ಹೊಲದಿಂದ ಬಂದ ಮಾಳೇಶನ ಕೈಯಲ್ಲಿ ಆ ಫೋಟೋ ಇಳಿಸಿ, ಬಟ್ಟೆಯಲ್ಲಿ ಸುತ್ತಿಸಿ, ಅವರಪ್ಪನ ತಗಡಿನ ಟ್ರಂಕಿನಲ್ಲಿ ಇಡಿಸಿದೆ. ಚಿಲಕ ಹಾಕಿದ್ದು ನಾನೇ. ದೊಡ್ಡ ಕೆಲಸ ಮಾಡಿದವಳಂತೆ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಊರಿಗೆ ಬಂದೆ.

ಶುಕ್ರವಾರ ಬೆಳಿಗ್ಗೆ ಪ್ರಮೀಳಾಳ ಬರಹ ಬಂತು. ಮೂರೇ ಸಾಲು.

'ಕತ್ತಲು. ಡಾಂಬರು ಗುಳಿಗೆಯ ವಾಸನೆ. ಯಾರಾದರೂ ಮುಚ್ಚಳ ತೆಗೆಯಿರಿ.'

ತಿದ್ದಲು ಒಂದೂ ತಪ್ಪಿರಲಿಲ್ಲ. ಫೋನು ಮಾಡಿದರೆ ಎತ್ತಿದ್ದು ಅವಳ ಜೊತೆಯ ಕೇರಳದ ಟೀಚರು. ಎರಡು ದಿನದಿಂದ ಪ್ರಮೀಳಾ ಕಣ್ಣು ಬಿಟ್ಟುಕೊಂಡೇ ಮಲಗಿದ್ದಾಳೆ, ಹಗಲು ಹೊತ್ತಿನಲ್ಲೂ ಲೈಟು ಹಾಕು ಲೈಟು ಹಾಕು ಅನ್ನುತ್ತಾಳೆ ಎಂದರು. ನಾನು ಮಾಳೇಶನಿಗೆ ಫೋನು ಹಚ್ಚಿ, "ತೆಗಿಯೋ, ಟ್ರಂಕು ತೆಗಿಯೋ" ಎಂದು ಕಿರುಚಿದೆ. ಫೋಟೋ ಮತ್ತೆ ಮೊಳೆಗೆ ಏರಿತು. ಅರ್ಧ ಗಂಟೆಗೆ ಅವಳು ಎದ್ದು ಕೂತು ನೀರು ಕೇಳಿದಳಂತೆ.

ನನಗೆ ದೇವರು ದಿಂಡರು ಎಂದರೆ ಅಷ್ಟಕ್ಕಷ್ಟೇ. ಆದರೂ ಅಂದಿನಿಂದ ನಾನು ಯಾವ ಪೆಟ್ಟಿಗೆಗೂ ಚಿಲಕ ಹಾಕಿಲ್ಲ.

ಮಾಳಮ್ಮನ ಅಣ್ಣ ಚಂದ್ರಶೇಖರಪ್ಪ ಅಂಜನಾಪುರದವರು, ಆ ಬಳಗದಲ್ಲಿ ಇಂಥದ್ದಕ್ಕೆಲ್ಲ ಅವರ ಮಾತೇ ಕೊನೆ. ಅವರು ಫೋಟೋದ ಮುಂದೆ ಕೂತು ಹೇಳಿದರು: "ಬಡಿಸಿದ ಎಡಿ ವಾಪಸ್ ತಗಳ್ಳಾಕ ಬರಲ್ಲ. ಬರೋ ಪಕ್ಷಕ್ಕೆ ಆ ಕೂಸು ತಾನೇ ಬಂದು, ಮುಚ್ಚಿದ ಬಾಗ್ಲೊಳಗೆ ತನ್ನ ಎಲಿ ಮುಂದೆ ಕುಂತು, ಬದುಕಿದ ಬಾಯಾಗೆ ಉಣ್ಣಬೇಕು. ಹೊತ್ತು ವಾಲೋದ್ರೊಳಗೆ. ಉಂಡೆ ಅಂತ ಬಾಯಿಬಿಟ್ಟು ಹೇಳಬೇಕು. ಆಮ್ಯಾಲೆ ಫೋಟೋ ಇಳಿಸ್ರಿ."

"ತಪ್ಪಿದ್ರೆ?" ಎಂದೆ.

ಅವರು ಟವೆಲ್ಲು ಕೊಡವಿಕೊಂಡು ಎದ್ದರು.

ಎಂಟು ತಿಂಗಳು ಅವಳು ಗಂಜಿ, ಗ್ಲೂಕೋಸಿನ ಮೇಲೆ ಬದುಕಿದಳು. ಬ್ಲಾಗು ನಿಂತಿತು. ಶಾಲೆಯವರು ಇವಳಿಗೊಬ್ಬಳಿಗೇ ಎಂದು ಹಾಜರಿ ಪುಸ್ತಕ ಇಟ್ಟರು. ಹೋದ ವರ್ಷ ಮಹಾಲಯ ಅಮಾವಾಸ್ಯೆ ಭಾನುವಾರ ಬಂತು. ಶನಿವಾರ ಬೆಂಗಳೂರಿಗೆ ಇಳಿದು, ರಾತ್ರಿ ರೈಲು ಹಿಡಿದು ಶಿವಮೊಗ್ಗಕ್ಕೆ ಬಂದು, ಬೆಳಿಗ್ಗೆ ಶಿಕಾರಿಪುರದ ಬಸ್ಸು ಹತ್ತಿದಳು. ನಾನು ಅಷ್ಟು ಹೊತ್ತಿಗಾಗಲೇ ಉಡುತಡಿಯಲ್ಲಿ ಕೂತಿದ್ದೆ. ನಯನ ಆರು ಎಲೆ ಹಾಕಿ ಬಡಿಸಿದ್ದಳು. ಕಡುಬು, ಹುರುಳಿಕಾಳಿನ ಪಲ್ಯ, ಅನ್ನ, ಕುರಿಮಾಂಸದ ಸಾರು. 

ಹನ್ನೊಂದೂವರೆಗೆ ಫೋನು ಬಂತು. "ಬಸ್ಸು ಕೆಟ್ಟು ನಿಂತೈತ್ರೀ ಮಿಸ್, ಅಂಜನಾಪುರದ ಹತ್ರ." ದನಿ ಬಾವಿಯೊಳಗಿಂದ ಬಂದಂತಿತ್ತು. ಮಾಳೇಶ ಬೈಕು ತೆಗೆದುಕೊಂಡು ಓಡಿದ. ಹನ್ನೆರಡಾಯಿತು, ಹನ್ನೆರಡೂವರೆಯಾಯಿತು. ಚಂದ್ರಶೇಖರಪ್ಪ ಅಂಗಳದ ಬೇವಿನ ಮರದ ನೆರಳನ್ನೇ ನೋಡುತ್ತಿದ್ದರು. ನೆರಳು ಬುಡ ಬಿಟ್ಟು ಇತ್ತ ಸರಿಯತೊಡಗಿತು. ಫೋನು ಹಚ್ಚಿದರೆ ಪ್ರಮೀಳಾ ಏನೋ ಹೇಳುತ್ತಿದ್ದಳು, ಒಂದಕ್ಷರ ಕೇಳುತ್ತಿರಲಿಲ್ಲ. ಬೇರೆಯವರ ಮಾತು, ಲಾರಿಯ ಹಾರ್ನು ಎಲ್ಲ ಸ್ಪಷ್ಟ ಕೇಳುತ್ತಿತ್ತು, ಅವಳದು ಮಾತ್ರ ಇಲ್ಲ. ನನ್ನ ಜೀವಮಾನದಲ್ಲಿ ಅಷ್ಟು ಹೆದರಿದ್ದಿಲ್ಲ.

ಮಾಳಮ್ಮ ಎದ್ದಳು. ಕೈಕಾಲು ತೊಳೆದುಕೊಂಡಳು. ಒಳಗೆ ಹೋಗಿ ಆರನೆಯ ಫೋಟೋವನ್ನು ಇಳಿಸಿ ಎದೆಗೆ ಒತ್ತಿಕೊಂಡು ಅದರ ಎಲೆಯ ಮುಂದೆ ಕೂತಳು.

"ಮಾಳೀ, ಬ್ಯಾಡ" ಎಂದರು ಚಂದ್ರಶೇಖರಪ್ಪ. "ಆ ಎಡಿ ಉಂಡ್ರೆ ಆ ಜಾಗ ನಿಂದಾಗ್ತೈತೆ."

"ಆಗ್ಲಿ ಬಿಡಣ್ಣ. ಹೆಂಗೂ ನಂದು ಬರೋ ಜಾಗನೇ. ಒಂದೀಟು ಮುಂಚೆ ಕುಂತಂಗಾತು." ನನ್ನ ಕಡೆ ತಿರುಗಿ, "ಕೂಸಿಗೆ ಹೇಳಬ್ಯಾಡ್ರಿ ಮೇಡಮ್ಮೋರೇ. ಮಾವ ಉಂಡ ಅನ್ರಿ" ಎಂದಳು. ನಾನು ಹೂಂ ಎಂದ ಮೇಲೆ ಬಾಗಿಲು ಹಾಕಿಕೊಂಡಳು.

ನಾವು ಮೂವರು ಹೊರಗೆ ನಿಂತೆವು.  ಒಳಗಿನಿಂದ ಅನ್ನ ಕಲಸುವ, ಸಾರು ಸೊರ್ರೆಂದು ಎಳೆಯುವ ಸದ್ದು. ಅದು ಒಬ್ಬರೇ ಉಣ್ಣುವ ಸದ್ದಾಗಿರಲಿಲ್ಲ. ಯಾರೋ ಗಂಡಸು ತೃಪ್ತಿಯಿಂದ ತೇಗಿದಂತಾಯಿತು. ನಯನ ನನ್ನ ಕೈಯನ್ನು ಉಗುರು ಊರುವಷ್ಟು ಗಟ್ಟಿಯಾಗಿ ಹಿಡಿದಳು. ಕೊನೆಗೆ ಮಾಳಮ್ಮನ ದನಿ: "ನಾನು ಉಂಡೆ."

ಅದೇ ಗಳಿಗೆಗೆ ನನ್ನ ಫೋನು ಹೊಡೆದುಕೊಂಡಿತು.

"ಮಿಸ್! ಹಸಿವಾಗ್ತೈತ್ರೀ! ತಡ್ಕಳ್ಳಾಕಾಗ್ತಿಲ್ಲ. ಇಲ್ಲೇ ಗೂಡಂಗಡಿಯಾಗೆ ಮಂಡಕ್ಕಿ ಮೆಣಸಿನಕಾಯಿ ತಿಂತಿದ್ದೀನಿ. ಎರಡನೇ ಪ್ಲೇಟು! ಮಾಳೇಶ ಬಂದ ನೋಡ್ರೀ..."

ನಾನು ಅಂಗಳದಲ್ಲೇ ಕೂತು ಅತ್ತುಬಿಟ್ಟೆ. ಬಾಗಿಲು ತೆರೆದು ಮಾಳಮ್ಮ ಸೆರಗಿಗೆ ಕೈ ಒರೆಸುತ್ತಾ ಬಂದಳು. ಆರನೆಯ ಎಲೆ ಬರಿದಾಗಿತ್ತು. ಉಳಿದ ಐದು ಎಲೆಗಳು ಬಡಿಸಿದ ಹಾಗೆಯೇ ಇದ್ದವು.

ಪ್ರಮೀಳಾ ಬಂದಾಗ ಅವಳ ಎಲೆ ಮಾವ ಉಂಡರು ಎಂದೆ. ಅವಳು ಮೂರು ಸಲ ಅನ್ನ ಹಾಕಿಸಿಕೊಂಡು ಉಂಡಳು. ಅವ್ವ ಪಕ್ಕದಲ್ಲಿ ಕೂತು ಬಡಿಸಿದಳು. "ನೀ ಉಣ್ಣವ್ವ" ಎಂದರೆ "ನಂದಾಗೈತೆ" ಎಂದಳು. ಮರಳಿ ಹೊರಡುವ ಹಿಂದಿನ ದಿನ ಅವ್ವನನ್ನು ಬೇವಿನ ಮರದ ಕೆಳಗೆ ನಿಲ್ಲಿಸಿ ಪ್ರಮೀಳಾ ಒಂದು ಫೋಟೋ ತೆಗೆದಳು. ದೊಡ್ಡದು ಮಾಡಿಸಿ ಕಟ್ಟು ಹಾಕಿಸಿ ಬ್ಯಾಗಿನಲ್ಲಿಟ್ಟುಕೊಂಡಳು. ಅವಳ ಒತ್ತು ದೀರ್ಘಗಳನ್ನೆಲ್ಲ ಹೆಕ್ಕಿ ತಿದ್ದುವ ನಾನು ಅಂದು ಬಾಯಿ ಮುಚ್ಚಿಕೊಂಡು ನೋಡುತ್ತಿದ್ದೆ. ಮಾಳಮ್ಮನಿಗೆ ಮಾತು ಕೊಟ್ಟಿದ್ದೆನಲ್ಲ.

ದ್ವೀಪದಲ್ಲಿ ಮಿಷನ್ನು ಅವಳ ಹೆಬ್ಬೆಟ್ಟನ್ನು ಮೊದಲ ಸಲಕ್ಕೇ ಒಪ್ಪಿತು. ಅವ್ವನ ಫೋಟೋವನ್ನು ತನ್ನ ಕೋಣೆಯ ಗೋಡೆಗೆ ಹಾಕಿಕೊಂಡಳು. ಬ್ಲಾಗಿನಲ್ಲಿ ಮತ್ತೆ ಮೀನು, ದೋಣಿ, ತಂಟೆಕೋರ ಮಕ್ಕಳು. ಇತ್ತ ನಯನ ಆಗಾಗ ಫೋನು ಮಾಡುತ್ತಾಳೆ. "ಅತ್ತೆ ತಟ್ಟೆ ಮುಂದೆ ಕೂತು ಎದ್ದು ಹೋಗ್ತಾರೆ ಮೇಡಂ. ಕೇಳಿದ್ರೆ ಹೊಟ್ಟೆ ತುಂಬೈತೆ ಅಂತಾರೆ." ಮಾಳಮ್ಮ ಎಂದೂ ಬೇಜಾರಿನ ಮಾತಾಡಿಲ್ಲವಂತೆ. ಮಧ್ಯಾಹ್ನ ಕಣ್ಣು ಮುಚ್ಚಿ ಕೂತು ತನ್ನಷ್ಟಕ್ಕೆ ನಗುತ್ತಾಳಂತೆ.

ಮೊನ್ನೆ ಶುಕ್ರವಾರ ಬರಹ ಬರಲಿಲ್ಲ, ಪ್ರಮೀಳಾಳ ಫೋನು ಬಂತು.

"ಅವ್ವ ಈಗ ಫೋನ್ ಮಾಡಿದ್ಲು ಮಿಸ್. ಬೀರು ಮ್ಯಾಲೆ ಎಷ್ಟು ಧೂಳು ಕೂಡಿಸಿದ್ದೀ, ಒರೆಸ್ಕಾ ಅಂದ್ಲು. ನನ್ನ ನೀಲಿ ಛತ್ರಿ ಬೀರು ಹಿಂದೆ ಬಿದ್ದೈತೆ ಅಂದ್ಲು. ಅಲ್ಲೇ ಇತ್ತು." ಆಮೇಲೆ ಕೇಳಿದಳು, "ಅವತ್ತು ಆ ಎಲಿ ಮುಂದೆ ಕುಂತಿದ್ದು ಮಾವ ಅಲ್ಲ, ಹೌದೇನ್ರೀ?"

ನನ್ನಿಂದ ಸುಳ್ಳು ಹೇಳಲಾಗಲಿಲ್ಲ. ಎಲ್ಲ ಹೇಳಿದೆ. ಆಚೆ ಕಡೆ ಅವಳು ಅಳುವುದು ಕೇಳಿಸಿತು. ಅಳುತ್ತಲೇ, "ಫೋಟೋ ಇಳಿಸಂಗಿಲ್ಲ ಅಲ್ರೀ?" ಎಂದಳು.

"ಇಳಿಸಬೇಡ" ಎಂದೆ. ಟ್ರಂಕಿನ ಚಿಲಕ ಹಾಕಿದ ಕೈ ನನ್ನದು.

"ಇನ್ನೊಂದು ಮಾತು ಹೇಳಿದ್ಲು ಅವ್ವ" ಎಂದಳು ಪ್ರಮೀಳಾ. "ಗಾಳಿ ಮಾರಿಗೆ ಹೊಡೀತೈತೆ ಕೂಸೇ, ಫ್ಯಾನ್ ಒಂದೀಟು ಸಣ್ಣದು ಮಾಡು ಅಂತ."

ಅವಳು ಎದ್ದು ಹೋದದ್ದು, ಫ್ಯಾನಿನ ಸದ್ದು ನಿಧಾನವಾದದ್ದು ನನಗೆ ಫೋನಿನಲ್ಲಿ ಕೇಳಿಸಿತು.